ಹನ್ನೆರಡು ಗಂಟೆಯ ರೈಲು, ಎಂಟು ಹೆಸರುಗಳು

1953ರ ಮಾರ್ಚ್ ತಿಂಗಳಲ್ಲಿ ನಡೆದ ಆಸ್ಕರ್ ಸಮಾರಂಭದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ 'ಹೈ ನೂನ್' ಚಿತ್ರಕ್ಕಾಗಿ ಗ್ಯಾರಿ ಕೂಪರ್‌ಗೆ ಬಂತು. ಕೂಪರ್ ಆ ರಾತ್ರಿ ಅಲ್ಲಿರಲಿಲ್ಲ. ಗೆಳೆಯನ ಪರವಾಗಿ ವೇದಿಕೆ ಹತ್ತಿ ಪ್ರಶಸ್ತಿ ತೆಗೆದುಕೊಂಡವನು ಜಾನ್ ವೇನ್. ಇಂಥ ಪಾತ್ರ ನನಗೇಕೆ ಸಿಗಲಿಲ್ಲ ಎಂದು ನನ್ನ ಏಜೆಂಟನನ್ನೂ ಬರಹಗಾರರನ್ನೂ ವಿಚಾರಿಸಿಕೊಳ್ಳುತ್ತೇನೆ ಎಂದು ತಮಾಷೆ ಮಾಡಿ ಸಭೆಯನ್ನು ನಗಿಸಿದ. ಹದಿನೆಂಟು ವರ್ಷಗಳ ನಂತರ, 1971ರಲ್ಲಿ, 'ಪ್ಲೇಬಾಯ್' ಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ ಅದೇ ವೇನ್ ಅದೇ ಚಿತ್ರವನ್ನು ತಾನು ಜೀವಮಾನದಲ್ಲಿ ನೋಡಿದ ಅತ್ಯಂತ 'ಅನ್-ಅಮೆರಿಕನ್' ಚಿತ್ರ ಎಂದು ಕರೆದ. ಅದನ್ನು ಬರೆದವನನ್ನು ದೇಶ ಬಿಟ್ಟು ಓಡಿಸುವುದರಲ್ಲಿ ತನ್ನ ಪಾಲೂ ಇತ್ತು, ಅದಕ್ಕೆ ಬೇಸರವಿಲ್ಲ ಎಂದೂ ಸೇರಿಸಿದ. ಕೊನೆಯ ದೃಶ್ಯದಲ್ಲಿ ಕೂಪರ್ ತನ್ನ ಮಾರ್ಷಲ್ ಬಿಲ್ಲೆಯನ್ನು ನೆಲಕ್ಕೆ ಹಾಕಿ ಕಾಲಿನಿಂದ ತುಳಿಯುತ್ತಾನೆ ಎಂಬುದು ಅವನು ಕೊಟ್ಟ ಕಾರಣ.

ತುಳಿಯುವುದಿಲ್ಲ. ಆ ದೃಶ್ಯವನ್ನು ಎಷ್ಟು ಸಲ ಬೇಕಾದರೂ ಹಿಂದೆ ಮುಂದೆ ಓಡಿಸಿ ನೋಡಿ. ಕೂಪರ್ ಬಿಲ್ಲೆಯನ್ನು ಎದೆಯಿಂದ ಕಿತ್ತು ಧೂಳಿಗೆ ಬೀಳಿಸುತ್ತಾನೆ, ಹೆಂಡತಿಯ ಜೊತೆ ಗಾಡಿ ಹತ್ತುತ್ತಾನೆ, ಹೊರಟುಹೋಗುತ್ತಾನೆ. ಕಾಲು ಬಿಲ್ಲೆಯ ಮೇಲೆ ಬೀಳುವುದೇ ಇಲ್ಲ. ವೇನ್ ಸುಳ್ಳು ಹೇಳುತ್ತಿದ್ದ ಎಂದು ನನಗೆ ಅನ್ನಿಸುವುದಿಲ್ಲ. ತನ್ನ ರಾಜಕೀಯಕ್ಕೆ ಬೇಕಾದ ದೃಶ್ಯವನ್ನು ಅವನ ನೆನಪು ತಾನೇ ಚಿತ್ರೀಕರಿಸಿಕೊಂಡಿತ್ತು. ಸಿನಿಮಾ ಪ್ರೇಮಿಗಳಾದ ನಾವೆಲ್ಲ ರಾಜಕೀಯದ ಬಗ್ಗೆ ಮಾತಾಡುವಾಗ ಸ್ವಲ್ಪಮಟ್ಟಿಗೆ ಇದನ್ನೇ ಮಾಡುತ್ತೇವೆ.

ನನಗೆ ಹಳೆಯ ಹಾಲಿವುಡ್ಡಿನ ಹುಚ್ಚು ಹಿಡಿಸಿದ್ದು ಹಾಸ್ಟೆಲಿನ ಒಬ್ಬ ಹಿರಿಯ ವಿದ್ಯಾರ್ಥಿನಿ. ಅವಳ ಹಾರ್ಡ್ ಡಿಸ್ಕಿನಲ್ಲಿ ಇಲ್ಲದ ಕಪ್ಪು-ಬಿಳುಪು ಚಿತ್ರವಿರಲಿಲ್ಲ. ಎಂ.ಎ. ಮೊದಲ ವರ್ಷದ ಒಂದು ರಾತ್ರಿ ಅವಳ ಲ್ಯಾಪ್‌ಟಾಪಿನಲ್ಲಿ ಎಲಿಯಾ ಕಜಾನನ 'ಆನ್ ದಿ ವಾಟರ್‌ಫ್ರಂಟ್' ನೋಡಿ ನಾನು ಅತ್ತಿದ್ದೆ. ಮರುದಿನ ಮೆಸ್ಸಿನಲ್ಲಿ ಇದನ್ನು ಹೇಳಿದಾಗ ಸಹಪಾಠಿಯೊಬ್ಬಳು, "ಅದು ಚಾಡಿಕೋರನ ಸಿನಿಮಾ. ತನ್ನ ಸ್ನೇಹಿತರ ಹೆಸರು ಕೊಟ್ಟು ಬಂದವನು, ಆಮೇಲೆ ಅದನ್ನೇ ದೊಡ್ಡ ಧೈರ್ಯ ಅಂತ ತೋರಿಸಿದ್ದಾನೆ" ಎಂದಳು. ಅಕ್ಕ ತಟ್ಟೆಯಿಂದ ತಲೆಯೆತ್ತದೆ, "ಸಿನಿಮಾನ ಸಿನಿಮಾ ಥರ ನೋಡ್ರೇ. ಅವನು ಮನೇಲಿ ಏನ್ಮಾಡ್ದ ಅಂತ ನಮಗ್ಯಾಕೆ?" ಎಂದಳು. ಏಳೆಂಟು ವರ್ಷವಾಯಿತು. ಆ ಎರಡೂ ಮಾತುಗಳು ನನಗೆ ಅರ್ಧ ಸರಿ ಎಂದೇ ಅನ್ನಿಸುತ್ತ ಬಂದಿವೆ. ಉಳಿದರ್ಧ ಏನು ಎಂದು ಹುಡುಕುವುದಕ್ಕೆ ಈ ಬರಹ.

*

ಹಿನ್ನೆಲೆ ತಿಳಿಯದವರಿಗಾಗಿ ಸ್ವಲ್ಪ ಇತಿಹಾಸ. ಎರಡನೇ ಮಹಾಯುದ್ಧ ಮುಗಿದು ರಷ್ಯಾ ಶತ್ರುವಾಗಿ ಮಾರ್ಪಟ್ಟ ಹೊತ್ತಿನಲ್ಲಿ, 1947ರ ಅಕ್ಟೋಬರಿನಲ್ಲಿ, ಅಮೆರಿಕದ ಸಂಸತ್ತಿನ ಕೆಳಮನೆಯ ಒಂದು ಸಮಿತಿ ಹಾಲಿವುಡ್ಡಿನಲ್ಲಿ ಕಮ್ಯುನಿಸ್ಟರಿದ್ದಾರೆಯೇ ಎಂದು ವಿಚಾರಣೆ ಶುರುಮಾಡಿತು. ಸಮಿತಿಯ ಹೆಸರಿನಲ್ಲೇ 'ಅನ್-ಅಮೆರಿಕನ್ ಚಟುವಟಿಕೆಗಳು' ಎಂಬ ಪದವಿತ್ತು. ಇದಕ್ಕೆ ಕನ್ನಡ ಹುಡುಕುವುದು ಕಷ್ಟ. 'ಅಮೆರಿಕೇತರ' ಎಂದರೆ ಸಪ್ಪೆ, 'ದೇಶದ್ರೋಹ' ಎಂದರೆ ಕಾನೂನಿನ ಮಾತಾಗುತ್ತದೆ. ಯಾವ ಕಾನೂನನ್ನೂ ಮುರಿಯದವನನ್ನು ಇವನು ನಮ್ಮವನಲ್ಲ ಎಂದು ಹೊರಗಿಡುವುದಕ್ಕೆ ಇಂಥ ಅಸ್ಪಷ್ಟ ಪದವೇ ಬೇಕು. ಉತ್ತರಿಸಲು ನಿರಾಕರಿಸಿದ ಹತ್ತು ಮಂದಿ ಬರಹಗಾರರು, ನಿರ್ದೇಶಕರು ಜೈಲಿಗೆ ಹೋದರು. ಸ್ಟುಡಿಯೋಗಳು ಕಪ್ಪುಪಟ್ಟಿ ಮಾಡಿದವು. 1951ರಲ್ಲಿ ಎರಡನೇ ಸುತ್ತು ಶುರುವಾದಾಗ ಪಟ್ಟಿಯಿಂದ ಹೊರಬರುವ ದಾರಿ ಒಂದೇ: ಸಮಿತಿಯ ಮುಂದೆ ಕೂತು, ಹಿಂದೆ ನಿಮ್ಮ ಜೊತೆ ಪಕ್ಷದ ಸಭೆಗೆ ಬರುತ್ತಿದ್ದವರ ಹೆಸರು ಹೇಳುವುದು.

ಆ ಹೆಸರುಗಳಲ್ಲಿ ಬಹುಪಾಲು ಸಮಿತಿಗೆ ಮೊದಲೇ ಗೊತ್ತಿದ್ದವು. ಈ ವಿಚಾರಣೆಗಳ ಬಗ್ಗೆ ಪುಸ್ತಕ ಬರೆದ ವಿಕ್ಟರ್ ನವಾಸ್ಕಿಯ ವಾದವೂ ಇದೇ. ಅಲ್ಲಿ ಬೇಕಾಗಿದ್ದುದು ಮಾಹಿತಿಯಲ್ಲ, ಮನುಷ್ಯ ತಲೆ ತಗ್ಗಿಸುವುದನ್ನು ಎಲ್ಲರೂ ನೋಡುವ ಒಂದು ಆಚರಣೆ.

*

'ಹೈ ನೂನ್' ಬರೆದ ಕಾರ್ಲ್ ಫೋರ್‌ಮನ್ ಹಿಂದೆ ಪಕ್ಷದ ಸದಸ್ಯನಾಗಿದ್ದವನು. ಚಿತ್ರೀಕರಣ ನಡೆಯುತ್ತಿದ್ದಾಗಲೇ, 1951ರ ಸೆಪ್ಟೆಂಬರಿನಲ್ಲಿ, ಅವನು ಸಮಿತಿಯ ಮುಂದೆ ಹಾಜರಾಗಬೇಕಾಯಿತು. ಅವನು ಹೆಸರು ಹೇಳಲಿಲ್ಲ. ನಿರ್ಮಾಣ ಸಂಸ್ಥೆಯ ಪಾಲುದಾರಿಕೆ ಮುರಿದುಬಿತ್ತು, ಚಿತ್ರದಲ್ಲಿ ಅವನಿಗಿದ್ದ ನಿರ್ಮಾಪಕ ಹೆಸರು ಹೋಯಿತು, ಮರುವರ್ಷ ಇಂಗ್ಲೆಂಡಿಗೆ ಹೊರಟ. ಅಲ್ಲಿಂದ ಮೈಕೆಲ್ ವಿಲ್ಸನ್ ಜೊತೆ ಬರೆದ 'ದಿ ಬ್ರಿಜ್ ಆನ್ ದಿ ರಿವರ್ ಕ್ವಾಯ್' ಚಿತ್ರಕಥೆಗೆ ಆಸ್ಕರ್ ಬಂದಾಗ, ಪ್ರಶಸ್ತಿ ಹೋದದ್ದು ಮೂಲ ಕಾದಂಬರಿ ಬರೆದ ಫ್ರೆಂಚ್ ಲೇಖಕ ಪಿಯೆರ್ ಬೂಲ್‌ಗೆ. ಆತ ಇಂಗ್ಲಿಷಿನಲ್ಲಿ ಚಿತ್ರಕಥೆ ಬರೆಯುವವನೇ ಅಲ್ಲ. ಅಕಾಡೆಮಿ ಈ ತಪ್ಪನ್ನು ತಿದ್ದಿಕೊಂಡದ್ದು 1984ರಲ್ಲಿ. ಅಷ್ಟರಲ್ಲಿ ಇಬ್ಬರೂ ತೀರಿಕೊಂಡಿದ್ದರು.

ಚಿತ್ರದ ಕಥೆ ನಾಲ್ಕು ಸಾಲಿನದು. ಹ್ಯಾಡ್ಲಿವಿಲ್ ಎಂಬ ಊರಿನ ಮಾರ್ಷಲ್ ವಿಲ್ ಕೇನ್ ಮದುವೆಯಾಗಿ ಕೆಲಸ ಬಿಡುತ್ತಿರುವ ದಿನ. ಅವನು ಹಿಂದೆ ಜೈಲಿಗೆ ಕಳಿಸಿದ್ದ ಫ್ರಾಂಕ್ ಮಿಲ್ಲರ್ ಬಿಡುಗಡೆಯಾಗಿ ಮಧ್ಯಾಹ್ನ ಹನ್ನೆರಡರ ರೈಲಿಗೆ ಬರುತ್ತಿದ್ದಾನೆ. ಅವನ ಮೂವರು ಬಂಟರು ನಿಲ್ದಾಣದಲ್ಲಿ ಕಾಯುತ್ತಿದ್ದಾರೆ. ಕೇನ್ ಜೊತೆಗೆ ನಿಲ್ಲುವವರಿಗಾಗಿ ಊರೆಲ್ಲ ಅಲೆಯುತ್ತಾನೆ, ಯಾರೂ ಬರುವುದಿಲ್ಲ. 85 ನಿಮಿಷದ ಚಿತ್ರದಲ್ಲಿ ಗಡಿಯಾರ ಹೆಚ್ಚುಕಮ್ಮಿ ನಮ್ಮ ಗಡಿಯಾರದ ಜೊತೆಗೇ ಓಡುತ್ತದೆ.

ಇದರ ಜೀವವಿರುವುದು ಕೊನೆಯ ಗುಂಡಿನ ಕಾಳಗದಲ್ಲಿ ಅಲ್ಲ, ಕೇನ್ ತಟ್ಟುವ ಬಾಗಿಲುಗಳಲ್ಲಿ. ನ್ಯಾಯಾಧೀಶ ಗೋಡೆಯ ಮೇಲಿನ ಬಾವುಟ ಮಡಚಿ, ತಕ್ಕಡಿ ತೆಗೆದು ಚೀಲಕ್ಕೆ ತುಂಬಿಕೊಂಡು ಊರು ಬಿಡುತ್ತಾನೆ. ಒಬ್ಬ ಗೆಳೆಯ ಒಳಗೇ ಇದ್ದುಕೊಂಡು, ಮನೆಯಲ್ಲಿಲ್ಲ ಎಂದು ಹೆಂಡತಿಯ ಬಾಯಲ್ಲಿ ಹೇಳಿಸುತ್ತಾನೆ. ಬಂದೂಕು ಹಿಡಿದು ಬಂದ ಇನ್ನೊಬ್ಬ, ತನ್ನನ್ನು ಬಿಟ್ಟು ಬೇರಾರೂ ಬಂದಿಲ್ಲ ಎಂದು ತಿಳಿದಾಗ ಮಡದಿ ಮಕ್ಕಳನ್ನು ನೆನೆಯುತ್ತಾನೆ. ಇವರಲ್ಲಿ ಯಾರೂ ದುಷ್ಟರಲ್ಲ. ಗೆಳೆಯರ ಜೊತೆ ಆಡಿದ ಮಾತುಗಳೇ ಚಿತ್ರದ ಸಂಭಾಷಣೆಯಾದವು ಎಂದು ಫೋರ್‌ಮನ್ ಆಮೇಲೆ ಹೇಳಿಕೊಂಡಿದ್ದಾನೆ.

ಎಲ್ಲಕ್ಕಿಂತ ತೀಕ್ಷ್ಣವಾದದ್ದು ಇಗರ್ಜಿಯ ದೃಶ್ಯ. ಕೇನ್ ಪ್ರಾರ್ಥನೆಯ ನಡುವೆ ಬಂದು ಸಹಾಯ ಕೇಳುತ್ತಾನೆ. ಮೊದಲಿಗೆ ಕೆಲವರು ಎದ್ದೇಬಿಡುತ್ತಾರೆ. ಅಷ್ಟರಲ್ಲಿ ಒಬ್ಬ, ಮೊದಲು ಚರ್ಚೆಯಾಗಲಿ ಎನ್ನುತ್ತಾನೆ. ಮಕ್ಕಳನ್ನು ಹೊರಗೆ ಕಳಿಸುತ್ತಾರೆ. ಸಂಬಳ ಕೊಟ್ಟು ಮಾರ್ಷಲ್ ಇಟ್ಟುಕೊಂಡಿಲ್ಲವೇ, ಇದು ನಮ್ಮ ಕೆಲಸವೇ ಎಂದು ಒಬ್ಬನ ಪ್ರಶ್ನೆ. ಕೊನೆಗೆ ಊರಿನ ಹಿರಿಯ ಹೆಂಡರ್ಸನ್ ಎದ್ದು ಕೇನನನ್ನು ಬಾಯ್ತುಂಬ ಹೊಗಳುತ್ತಾನೆ. ಇಂಥ ಮಾರ್ಷಲ್ ನಮಗೆ ಹಿಂದೆ ಸಿಕ್ಕಿರಲಿಲ್ಲ, ಮುಂದೆಯೂ ಸಿಗುವುದಿಲ್ಲ. ಆದರೆ ಉತ್ತರದ ಕಡೆಯ ದುಡ್ಡಿದ್ದವರು ಈ ಊರಿನಲ್ಲಿ ಹಣ ಹೂಡುವ ಯೋಚನೆಯಲ್ಲಿದ್ದಾರೆ, ಬೀದಿಯಲ್ಲಿ ಗುಂಡು ಹಾರಿದರೆ ಅವರು ಹಿಂದೆ ಸರಿಯುತ್ತಾರೆ. ಆದ್ದರಿಂದ ಕೇನ್, ನೀನು ಹೋಗಿಬಿಡುವುದೇ ಒಳ್ಳೆಯದು. ಹೊಗಳಿಕೆಯೊಳಗೇ ಗಡೀಪಾರು ಮಾಡುವ ಈ ಭಾಷಣದಲ್ಲಿ ಒಂದು ಬಿರುಸಾದ ಪದವಿಲ್ಲ. ಕೇನ್ ವಂದನೆ ಹೇಳಿ ಹೊರಗೆ ನಡೆಯುತ್ತಾನೆ.

ಈ ದೃಶ್ಯವನ್ನು ಮೊದಲ ಸಲ ನೋಡಿದಾಗ ನಾನು ನನ್ನನ್ನು ಕೇನನ ಜಾಗದಲ್ಲಿಟ್ಟು ನೋಡಿದ್ದೆ. ಹಾಗೆ ನೋಡಲು ನನಗೆ ಒಂದು ಕಾರಣವೂ ಇತ್ತು. ಹಾಸ್ಟೆಲಿನಲ್ಲಿ ನೀರಿನ ತೊಂದರೆಯನ್ನು ಲೇವಡಿ ಮಾಡಿದ ಒಂದು ಪೋಸ್ಟರ್ ನೋಟಿಸ್ ಬೋರ್ಡಿನಲ್ಲಿ ಕಾಣಿಸಿಕೊಂಡಿತ್ತು. ಮೂವರ ವಿಚಾರಣಾ ಸಮಿತಿ ನಮ್ಮನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆಯಿತು. "ಬರೆದವರು ಯಾರು ಹೇಳಮ್ಮ, ನಿನಗೇನೂ ಆಗಲ್ಲ" ಎಂದು ಮೃದುವಾಗಿಯೇ ಕೇಳಿದರು. ನನಗೆ ಗೊತ್ತಿತ್ತು. ಗೊತ್ತಿಲ್ಲ ಎಂದೆ. ಅಂದು ಎದೆಯುಬ್ಬಿಸಿಕೊಂಡು ಹೊರಬಂದೆ. ಹದಿನೈದು ದಿನದಲ್ಲಿ ಅವರಿಗೆ ಹೆಸರು ಬೇರೆ ದಾರಿಯಿಂದ ಸಿಕ್ಕಿತು. ಮುಚ್ಚಳಿಕೆ ಬರೆದುಕೊಡಲು ಒಪ್ಪದ ಆ ಹುಡುಗಿ ಹಾಸ್ಟೆಲಿನ ಸೀಟು ಕಳೆದುಕೊಂಡಳು. ಅವಳ ಪರವಾದ ಮನವಿ ಸಹಿಗಾಗಿ ಕೋಣೆಯಿಂದ ಕೋಣೆಗೆ ಬಂದಾಗ ನಾನು, "ಮುಂದಿನ ವಾರ ನನ್ನ ಸಂಶೋಧನಾ ಪ್ರಸ್ತಾವ ಕಮಿಟಿ ಮುಂದಿದೆ, ಆಮೇಲೆ ಮಾಡ್ತೀನಿ" ಎಂದೆ. ಆ 'ಆಮೇಲೆ' ಬರಲೇ ಇಲ್ಲ. ಈಗ 'ಹೈ ನೂನ್' ನೋಡುವಾಗ ನಾನು ಇಗರ್ಜಿಯ ಬೆಂಚುಗಳಲ್ಲಿ ನನ್ನ ಮುಖ ಹುಡುಕುತ್ತೇನೆ. ಹೆಸರು ಹೇಳದಿರುವುದು ಒಂದು, ಜೊತೆಗೆ ನಿಲ್ಲುವುದು ಇನ್ನೊಂದು. ನಾನು ಮೊದಲನೆಯದನ್ನು ಮಾಡಿ ಎರಡನೆಯದಕ್ಕೂ ಅಂಕ ಹಾಕಿಕೊಂಡಿದ್ದೆ.

*

ಹಾಗಾದರೆ 'ಹೈ ನೂನ್' ಎಡಪಂಥದ ಚಿತ್ರವೇ? ಅಷ್ಟು ಸುಲಭವಾಗಿ ಹೇಳಲಾಗದು. ನಾಯಕ ಗ್ಯಾರಿ ಕೂಪರ್ ಬಲಪಂಥೀಯ ರಿಪಬ್ಲಿಕನ್. 1947ರಲ್ಲಿ ತಾನಾಗಿಯೇ ಸಮಿತಿಯ ಮುಂದೆ ಸಾಕ್ಷಿ ಹೇಳಿದವನು. ಕಮ್ಯುನಿಸ್ಟ್ ವಾಸನೆಯ ಎಷ್ಟೋ ಚಿತ್ರಕಥೆಗಳನ್ನು ತಿರಸ್ಕರಿಸಿದ್ದೇನೆ ಎಂದ. ಒಂದರ ಹೆಸರು ಹೇಳಿ ಎಂದಾಗ ನೆನಪಿಲ್ಲ, ಹೆಚ್ಚಿನವನ್ನು ರಾತ್ರಿ ಹೊತ್ತು ಓದುತ್ತೇನೆ ಎಂದ. ಅದೇ ಕೂಪರ್ ಫೋರ್‌ಮನ್‌ನನ್ನು ಎಲ್ಲರೂ ಕೈಬಿಡುತ್ತಿದ್ದಾಗ ಸಾಧ್ಯವಾದಷ್ಟು ದಿನ ಅವನ ಪರವಾಗಿ ನಿಂತ. ಇಲ್ಲಿ ಅಭಿಪ್ರಾಯಕ್ಕೂ ನಡತೆಗೂ ನಡುವೆ ಇರುವ ಅಂತರ ಯಾವ ಪಂಥಕ್ಕೂ ಅನುಕೂಲವಾದದ್ದಲ್ಲ.

ಮುಂದೆ ಈ ಚಿತ್ರದ ಹಣೆಬರಹ ಇನ್ನೂ ವಿಚಿತ್ರ. 1989ರ ಜೂನ್ 4ರ ಚುನಾವಣೆಗೆ ಪೋಲೆಂಡಿನ ಸಾಲಿಡಾರಿಟಿ ಸಂಘಟನೆಯ ಪರವಾಗಿ ತೊಮಾಷ್ ಸಾರ್ನೆಟ್‌ಸ್ಕಿ ಎಂಬ ಕಲಾವಿದ ಮಾಡಿದ ಪೋಸ್ಟರಿನಲ್ಲಿ ಇರುವವನು ಇದೇ ಗ್ಯಾರಿ ಕೂಪರ್. ಕೈಯಲ್ಲಿ ಪಿಸ್ತೂಲಿನ ಬದಲು ಮತಪತ್ರ, ಎದೆಯ ಮೇಲೆ ಮಾರ್ಷಲ್ ಬಿಲ್ಲೆಯ ಜೊತೆಗೆ ಸಾಲಿಡಾರಿಟಿಯ ಬಿಲ್ಲೆ. ಕಮ್ಯುನಿಸಂ ಬಗ್ಗೆ ಮೃದುವೆಂಬ ಆರೋಪ ಹೊತ್ತವನು ಬರೆದ ಮಾರ್ಷಲ್, ಕಮ್ಯುನಿಸ್ಟ್ ಸರ್ಕಾರವನ್ನು ಇಳಿಸಲು ಬೀದಿಗೆ ಬಂದ. ಅತ್ತ ಅಮೆರಿಕದಲ್ಲಿ ಬಿಲ್ ಕ್ಲಿಂಟನ್ ಶ್ವೇತಭವನದಲ್ಲಿ ಇದನ್ನು ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದ. ನಾನೊಬ್ಬನೇ, ಆದರೆ ಸರಿಯಾಗಿದ್ದೇನೆ ಎಂದುಕೊಳ್ಳುವ ಯಾರಿಗಾದರೂ ಈ ಅಂಗಿ ಹೊಂದುತ್ತದೆ. ಅಧಿಕಾರದ ತುದಿಯಲ್ಲಿ ಕೂತವನಿಗೂ ತಾನು ಒಂಟಿ ಎಂದೇ ಅನ್ನಿಸುತ್ತದೆ.

ವೇನ್‌ಗೆ ಸಿಟ್ಟು ಬಂದದ್ದು ಬಹುಶಃ ಮಾರ್ಷಲನ ಬಗ್ಗೆ ಅಲ್ಲ, ಊರಿನ ಬಗ್ಗೆ. ಅಮೆರಿಕದ ಒಂದು ಸಭ್ಯ ಊರು ಹೀಗೆ ಕೈಕೊಡುತ್ತದೆ ಎಂಬುದನ್ನು ಅವನು ಒಪ್ಪಲಾರ. ಅವನೂ ನಿರ್ದೇಶಕ ಹೊವಾರ್ಡ್ ಹಾಕ್ಸ್‌ನೂ ಉತ್ತರವಾಗಿ ಮಾಡಿದ 'ರಿಯೊ ಬ್ರಾವೊ' (1959) ಚಿತ್ರದಲ್ಲಿ ಶೆರಿಫ್ ಸಹಾಯ ಕೇಳುವುದೇ ಇಲ್ಲ, ಆದರೂ ಕುಡುಕ, ಕುಂಟ, ಹುಡುಗ, ಜೂಜಿನ ಹೆಣ್ಣು ಎಲ್ಲರೂ ಜೊತೆಗೂಡುತ್ತಾರೆ. ತಮಾಷೆಯೆಂದರೆ, ಒಗ್ಗಟ್ಟಿನ ಸುಖವನ್ನು ತೋರಿಸಿದ್ದು ಈ ಬಲಪಂಥದ ಚಿತ್ರ. ಕೆಡಲು ಒಪ್ಪದ ಒಬ್ಬಂಟಿಯನ್ನು ಎತ್ತಿ ಹಿಡಿದದ್ದು ಎಡಪಂಥದ ಬರಹಗಾರನ ಚಿತ್ರ. ಬರೆದವನ ಪಕ್ಷದ ಚೀಟಿ ನೋಡಿ ಚಿತ್ರದ ರಾಜಕೀಯ ಹೇಳುತ್ತೇನೆ ಎನ್ನುವವರು ಇಲ್ಲಿ ಮುಗ್ಗರಿಸುತ್ತಾರೆ.

*

ಈಗ ಮೆಸ್ಸಿನ ಜಗಳಕ್ಕೆ, 'ಆನ್ ದಿ ವಾಟರ್‌ಫ್ರಂಟ್'ಗೆ ಬರುತ್ತೇನೆ. ಕಜಾನ್ 1952ರ ಏಪ್ರಿಲಿನಲ್ಲಿ ಸಮಿತಿಯ ಮುಂದೆ ಎಂಟು ಹೆಸರು ಹೇಳಿದ. ಎಲ್ಲರೂ ಮೂವತ್ತರ ದಶಕದಲ್ಲಿ ಗ್ರೂಪ್ ಥಿಯೇಟರ್ ನಾಟಕ ತಂಡದಲ್ಲಿ ಅವನ ಜೊತೆಗಿದ್ದವರು. ಅವರಲ್ಲೊಬ್ಬ, ನಟ ಬ್ರಾಂಬರ್ಗ್, ಅಷ್ಟರಲ್ಲಿ ಸತ್ತೇಹೋಗಿದ್ದ. ಎರಡೇ ದಿನಗಳಲ್ಲಿ ಕಜಾನ್ 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ಜಾಹೀರಾತು ಕೊಟ್ಟು ತನ್ನ ನಡೆಯನ್ನು ಸಮರ್ಥಿಸಿಕೊಂಡ, ಉಳಿದವರೂ ಹೀಗೆಯೇ ಮಾಡಲಿ ಎಂದ. 1954ರಲ್ಲಿ ಚಿತ್ರ ಬಂತು. ಚಿತ್ರಕಥೆ ಬರೆದ ಬಡ್ ಶುಲ್ಬರ್ಗ್, ಖಳನ ಪಾತ್ರ ಮಾಡಿದ ಲೀ ಜೆ. ಕಾಬ್ ಇಬ್ಬರೂ ಹೆಸರು ಕೊಟ್ಟು ಬಂದವರೇ. ಎಂಟು ಆಸ್ಕರ್ ಬಂದವು.

ಬಂದರಿನ ಹಮಾಲರ ಯೂನಿಯನ್ ಜಾನಿ ಫ್ರೆಂಡ್ಲಿ ಎಂಬ ಗೂಂಡಾನ ಕೈಯಲ್ಲಿದೆ. ಮಾಜಿ ಬಾಕ್ಸರ್ ಟೆರಿ ಮಲಾಯ್ (ಮರ್ಲನ್ ಬ್ರಾಂಡೊ) ಗೊತ್ತಿಲ್ಲದೆಯೇ ಒಂದು ಕೊಲೆಗೆ ಕೈಗೂಡಿಸುತ್ತಾನೆ, ಸತ್ತವನ ತಂಗಿ ಈಡಿಯನ್ನು ಪ್ರೀತಿಸುತ್ತಾನೆ, ಕೊನೆಗೆ ಆಯೋಗದ ಮುಂದೆ ಸಾಕ್ಷಿ ಹೇಳುತ್ತಾನೆ. ಪಾರ್ಕಿನಲ್ಲಿ ನಡೆಯುವಾಗ ಈಡಿಯ ಕೈಗವಸು ಕೆಳಗೆ ಬೀಳುತ್ತದೆ. ಟೆರಿ ಎತ್ತಿಕೊಂಡು ಕೊಡುವುದಿಲ್ಲ. ಮಾತಾಡುತ್ತ ಆಡುತ್ತ ಅದರ ಕಸ ಒರೆಸುತ್ತಾನೆ, ತನ್ನ ಬಾಕ್ಸರ್ ಕೈಗೆ ತೊಟ್ಟುಕೊಳ್ಳಲು ನೋಡುತ್ತಾನೆ. ಒರಟು ದೇಹದೊಳಗೆ ಎಲ್ಲಿಯೋ ಉಳಿದುಹೋದ ನಾಜೂಕು ಆ ಬೆರಳುಗಳಲ್ಲಿ ಕಾಣುತ್ತದೆ. ಟ್ಯಾಕ್ಸಿಯಲ್ಲಿ ಸ್ವಂತ ಅಣ್ಣ ಪಿಸ್ತೂಲು ತೋರಿಸಿದಾಗ ಟೆರಿ ಬೆಚ್ಚುವುದಿಲ್ಲ. ಮಗುವಿನ ಕೈಯಿಂದ ಚಾಕು ತೆಗೆಯುವವನ ಹಾಗೆ ಪಿಸ್ತೂಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸುತ್ತಾನೆ. ನಾನು ಅತ್ತದ್ದು ಅಲ್ಲಿ. ಇಂದಿಗೂ ಅಲ್ಲಿ ಕಣ್ಣು ತುಂಬುತ್ತದೆ. ಇದನ್ನು ಮುಚ್ಚಿಟ್ಟು ಮುಂದಿನ ಮಾತು ಬರೆದರೆ ಅದು ಪ್ರಾಮಾಣಿಕವಾಗುವುದಿಲ್ಲ.

ಅಮೆರಿಕದ ಆಡುಮಾತಿನಲ್ಲಿ ಪೊಲೀಸರಿಗೆ ಸುದ್ದಿ ಕೊಡುವವನನ್ನು 'ಪಾರಿವಾಳ' ಎನ್ನುತ್ತಾರೆ. ಟೆರಿ ಮಾಳಿಗೆಯ ಮೇಲೆ ಪಾರಿವಾಳ ಸಾಕುತ್ತಾನೆ. ಅವನು ಸಾಕ್ಷಿ ಹೇಳಿ ಬಂದಾಗ, ಅವನನ್ನು ಆರಾಧಿಸುತ್ತಿದ್ದ ಹುಡುಗನೇ ಅವನ ಪಾರಿವಾಳಗಳನ್ನೆಲ್ಲ ಕೊಂದು ಒಂದನ್ನು ಅವನ ಮೇಲೆ ಎಸೆಯುತ್ತಾನೆ. ಸ್ನೇಹಿತರು ಮುಖ ತಿರುಗಿಸಿದ ಕಜಾನನ ನೋವು ಇಲ್ಲಿದೆ. ಫ್ರೆಂಡ್ಲಿಯ ಎದುರು ನಿಂತು ತಾನು ಮಾಡಿದ್ದು ಸರಿ ಎಂದು ಟೆರಿ ಕೂಗುವಾಗ ಅದು ತನ್ನದೇ ಮಾತು ಎಂದು ಕಜಾನ್ 1988ರ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ.

ನನ್ನ ತಕರಾರು ಇಲ್ಲಿಂದ ಶುರುವಾಗುತ್ತದೆ. ನಮ್ಮ ಭಾಷೆಯಲ್ಲಿ 'ಸಾಕ್ಷಿ ಹೇಳುವುದು' ಬೇರೆ, 'ಚಾಡಿ ಹೇಳುವುದು' ಬೇರೆ. ಎರಡರಲ್ಲೂ ನಡೆದದ್ದನ್ನೇ ಹೇಳುತ್ತೇವೆ, ಸುಳ್ಳಿರಬೇಕಿಲ್ಲ. ವ್ಯತ್ಯಾಸವಿರುವುದು ಯಾರ ಮುಂದೆ, ಯಾರ ವಿರುದ್ಧ, ಅದರಿಂದ ಬಲ ಯಾರಿಗೆ ಎಂಬುದರಲ್ಲಿ. ಟೆರಿ ಕೊಲೆಗಾರರ ವಿರುದ್ಧ, ಜೀವದ ಹಂಗು ತೊರೆದು, ತನಗಿಂತ ಬಲಾಢ್ಯರ ಎದುರು ಮಾತಾಡುತ್ತಾನೆ. ಅದು ಸಾಕ್ಷಿ. ಕಜಾನ್ ಯಾರನ್ನೂ ಕೊಲ್ಲದ, ಹದಿನೈದು ವರ್ಷದ ಹಿಂದೆ ಸಭೆಗಳಿಗೆ ಹೋಗಿದ್ದ ನಾಟಕದವರ ಹೆಸರನ್ನು, ಅವರ ಅನ್ನ ಕಸಿಯಬಲ್ಲ ಪ್ರಭುತ್ವದ ಕೈಗಿತ್ತ. ಅದು ಚಾಡಿ. ಚಾಡಿಯ ಕಥೆಯನ್ನು ಸಾಕ್ಷಿಯ ಪಾತ್ರೆಗೆ ಸುರಿದದ್ದೇ ಈ ಚಿತ್ರದ ಚಾತುರ್ಯ. ಅವನು ಸುಳ್ಳು ಹೇಳಲು ಬೇರೇನೂ ಕಟ್ಟಬೇಕಾಗಲಿಲ್ಲ. ಬಂದರಿನ ಭ್ರಷ್ಟಾಚಾರ ನಿಜವಾದದ್ದೇ. ಅದರ ಬಗೆಗಿನ ವರದಿಗಳಿಗೆ ಮಾಲ್ಕಮ್ ಜಾನ್ಸನ್ ಎಂಬ ಪತ್ರಕರ್ತ 1949ರಲ್ಲಿ ಪುಲಿಟ್ಜರ್ ಪಡೆದಿದ್ದ. ನಿಜವಾದ ಒಂದು ಅನ್ಯಾಯವನ್ನು ತನ್ನ ನಡೆಗೆ ಹೊದಿಕೆಯಾಗಿ ಬಳಸಿದ, ಅಷ್ಟೇ.

ಹೊದಿಕೆ ಎಲ್ಲಿ ಜಾರುತ್ತದೆ ಎಂಬುದೂ ಚಿತ್ರದಲ್ಲೇ ಇದೆ. ಫ್ರೆಂಡ್ಲಿಯ ಮೇಲೆ ಇನ್ನೊಬ್ಬ ದೊಡ್ಡ ಕುಳವಿದ್ದಾನೆ. ಟಿವಿಯಲ್ಲಿ ವಿಚಾರಣೆ ನೋಡುತ್ತ ಕೂತ ಅವನ ಬೆನ್ನು ಮಾತ್ರ ಕ್ಷಣಕಾಲ ಕಾಣುತ್ತದೆ, ಮುಖ ಕಾಣುವುದೇ ಇಲ್ಲ. ಚಿತ್ರ ಮತ್ತೆ ಆ ಕಡೆ ತಿರುಗುವುದಿಲ್ಲ. ಕೊನೆಯಲ್ಲಿ ರಕ್ತ ಸುರಿಸುತ್ತ ಟೆರಿ ಗೋದಾಮಿನ ಕಡೆ ತೂರಾಡಿ ನಡೆಯುತ್ತಾನೆ, ಹಮಾಲರು ಮಾತಿಲ್ಲದೆ ಹಿಂಬಾಲಿಸುತ್ತಾರೆ, ಬಾಗಿಲು ಮುಚ್ಚಿಕೊಳ್ಳುತ್ತದೆ. ಬ್ರಿಟಿಷ್ ವಿಮರ್ಶಕ ಲಿಂಡ್ಸೆ ಆ್ಯಂಡರ್ಸನ್ 1955ರಲ್ಲೇ ಈ ಕೊನೆಯ ದೃಶ್ಯವನ್ನು ಹಿಡಿದು ಟೀಕಿಸಿದ್ದ: ಒಬ್ಬ ನಾಯಕನ ಹಿಂದೆ ಹೋಗುತ್ತಿದ್ದ ಮಂದೆ ಇನ್ನೊಬ್ಬನ ಹಿಂದೆ ಹೊರಟಿದೆ, ಇದು ಯಾವ ಬಿಡುಗಡೆ? 'ಹೈ ನೂನ್' ನೆನಪಾಗುವುದು ಇಲ್ಲೇ. ಹೆಸರು ಹೇಳದವನ ಚಿತ್ರದಲ್ಲೂ ಹೇಳಿದವನ ಚಿತ್ರದಲ್ಲೂ ಒಂದೇ ಆಕಾರ: ಒಬ್ಬ ಎತ್ತರದ ಗಂಡು, ಸುತ್ತಲೂ ಅಂಜುಬುರುಕ ಜನ.

*

ಬೇರೆ ಆಕಾರ ಸಾಧ್ಯವಿತ್ತೇ? ಇತ್ತು. 'ವಾಟರ್‌ಫ್ರಂಟ್' ಬಂದ 1954ರಲ್ಲೇ 'ಸಾಲ್ಟ್ ಆಫ್ ದಿ ಅರ್ಥ್' ಬಂತು. ನಿರ್ದೇಶಕ ಹರ್ಬರ್ಟ್ ಬೀಬರ್‌ಮನ್ ಜೈಲಿಗೆ ಹೋದ ಹತ್ತು ಮಂದಿಯಲ್ಲಿ ಒಬ್ಬ. ಬರೆದ ಮೈಕೆಲ್ ವಿಲ್ಸನ್ ಕಪ್ಪುಪಟ್ಟಿಯವನು. ನ್ಯೂ ಮೆಕ್ಸಿಕೋದ ಸತುವಿನ ಗಣಿಯೊಂದರಲ್ಲಿ ನಡೆದ ನಿಜವಾದ ಮುಷ್ಕರದ ಕಥೆ. ಗಣಿ ಕಾರ್ಮಿಕರು ಗೇಟಿನ ಮುಂದೆ ನಿಲ್ಲಬಾರದು ಎಂದು ಕೋರ್ಟ್ ಆಜ್ಞೆ ಬರುತ್ತದೆ. ಆಜ್ಞೆಯಲ್ಲಿ ಹೆಂಡಂದಿರ ಮಾತಿಲ್ಲ. ಹೆಂಗಸರು ಹೋಗಿ ನಿಲ್ಲುತ್ತಾರೆ, ಗಂಡಸರು ಮನೆಯಲ್ಲಿ ಬಟ್ಟೆ ಒಗೆದು ಹರವುತ್ತಾರೆ, ನಲ್ಲಿ ನೀರಿನ ಬೇಡಿಕೆ ಮುಷ್ಕರದ ಪಟ್ಟಿಯಲ್ಲಿ ಯಾಕೆ ಕೊನೆಗಿತ್ತು ಎಂಬುದು ಆಗ ಅವರಿಗೆ ತಿಳಿಯುತ್ತದೆ. ಇಲ್ಲಿ ಯೂನಿಯನ್ ಗೂಂಡಾಗಿರಿಯ ಅಡ್ಡೆಯಲ್ಲ, ಗಂಡ ಹೆಂಡಿರ ನಡುವಿನ ಅಸಮಾನತೆಯೂ ಚರ್ಚೆಗೆ ಬರುವ ಜಾಗ. ನಾಯಕಿ ರೊಸಾವುರಾ ರೆವ್ವೆಲ್ಟಾಸ್‌ಳನ್ನು ಚಿತ್ರೀಕರಣದ ನಡುವೆಯೇ ವಲಸೆ ಅಧಿಕಾರಿಗಳು ಹಿಡಿದರು, ಅವಳು ಮೆಕ್ಸಿಕೋಗೆ ಮರಳಬೇಕಾಯಿತು. ಬೆರಳೆಣಿಕೆಯ ಥಿಯೇಟರುಗಳಷ್ಟೇ ಚಿತ್ರ ಹಾಕಲು ಒಪ್ಪಿದವು.

ನ್ಯಾಯವಾಗಿ ಹೇಳಬೇಕೆಂದರೆ, ಕಲೆಯಾಗಿ ಇದು ಆ ಎರಡರ ಎತ್ತರಕ್ಕೆ ಏರುವುದಿಲ್ಲ. ಮಾಲೀಕರು, ಪೊಲೀಸರು ವ್ಯಂಗ್ಯಚಿತ್ರದಂತಿದ್ದಾರೆ, ಕೆಲವು ಮಾತುಗಳು ಕರಪತ್ರದಿಂದ ಎದ್ದು ಬಂದಂತಿವೆ. ಬ್ರಾಂಡೊನ ಕೈಗವಸಿಗೆ ಸಮನಾದ ಒಂದು ಕ್ಷಣ ಇಲ್ಲಿಲ್ಲ. ಆದರೆ ಆ ಎರಡು ಮಹಾ ಚಿತ್ರಗಳಿಗೆ ಹೊಳೆಯದೇ ಹೋದದ್ದು ಇದಕ್ಕೆ ಹೊಳೆದಿದೆ. ಧೈರ್ಯ ಒಬ್ಬರಿಂದ ಇನ್ನೊಬ್ಬರಿಗೆ ದಾಟುವ ವಸ್ತು.

1999ರಲ್ಲಿ ಕಜಾನ್‌ಗೆ ಜೀವಮಾನದ ಸಾಧನೆಗಾಗಿ ಗೌರವ ಆಸ್ಕರ್ ಕೊಟ್ಟಾಗ ಸಭೆ ಒಡೆಯಿತು. ಮೆರಿಲ್ ಸ್ಟ್ರೀಪ್ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಎಡ್ ಹ್ಯಾರಿಸ್, ನಿಕ್ ನೋಲ್ಟಿ ಕೈಕಟ್ಟಿ ಕೂತರು. ಸ್ಪೀಲ್‌ಬರ್ಗ್ ಚಪ್ಪಾಳೆ ತಟ್ಟಿದ, ಏಳಲಿಲ್ಲ. ಹಲವು ದಿನ ನಾನು ಸ್ಪೀಲ್‌ಬರ್ಗನ ಭಂಗಿಯನ್ನು ಜಾಣತನ ಎಂದು ನಗುತ್ತಿದ್ದೆ. ಈಗ ಅದು ಆ ಸಭೆಯಲ್ಲಿ ಅತ್ಯಂತ ಕಷ್ಟದ ಭಂಗಿಯಾಗಿ ಕಾಣುತ್ತದೆ.

ಹಾಸ್ಟೆಲಿನ ಅಕ್ಕನಿಗೆ ನಾನು ಈಗ ಹೇಳುವ ಉತ್ತರ ಇದು: ಸಿನಿಮಾನ ಸಿನಿಮಾ ಥರವೇ ನೋಡಿದೆ, ಗಮನವಿಟ್ಟು ನೋಡಿದೆ, ಆಗಲೇ ಮುಖವಿಲ್ಲದ ಆ ಬೆನ್ನು ಕಂಡದ್ದು. ಸಹಪಾಠಿಗೆ: ನಾನು ಟೆರಿಗಾಗಿ ಅತ್ತದ್ದು ತಪ್ಪಲ್ಲ, ಟೆರಿ ಮಾಡಿದ್ದು ಸರಿಯೇ. ಕಜಾನ್ ಟೆರಿಯಲ್ಲ, ಅಷ್ಟೇ. ತನ್ನನ್ನು ಸಮರ್ಥಿಸಿಕೊಳ್ಳಲು ಅವನು ಸೃಷ್ಟಿಸಿದ ಪಾತ್ರ ಅವನಿಗಿಂತ ಒಳ್ಳೆಯದಾಯಿತು, ಮತ್ತು ಅವನ ವಿರುದ್ಧವೇ ಸಾಕ್ಷಿಯಾಗಿ ನಿಂತಿತು.

ಸೀಟು ಕಳೆದುಕೊಂಡ ಆ ಹುಡುಗಿ ಈಗ ಬೇರೆ ಊರಿನಲ್ಲಿ ಪಾಠ ಮಾಡುತ್ತಾಳೆ. ಕಳೆದ ತಿಂಗಳು ಒಂದು ವಿಚಾರ ಸಂಕಿರಣದಲ್ಲಿ ಎದುರಾದಳು. ಊಟದ ಸಾಲಿನಲ್ಲಿ ನಿಂತು ಆ ಸಹಿಯ ವಿಷಯ ಎತ್ತಿದೆ. ಅವಳು, "ಅಯ್ಯೋ, ಅದೆಲ್ಲ ಯಾರ್ಗೆ ನೆನಪಿದೆ ಬಿಡೇ" ಎಂದು ನಕ್ಕು ತಟ್ಟೆ ಮುಂದೆ ಚಾಚಿದಳು. ಮನವಿಗೆ ಸಹಿ ಹಾಕಿದ ಹನ್ನೊಂದು ಮಂದಿಯ ಹೆಸರನ್ನು ಮಾತ್ರ, ಅನ್ನ ಬಡಿಸುವಷ್ಟರಲ್ಲಿ, ಒಂದೂ ತಪ್ಪದೆ ಹೇಳಿದಳು.